ಅಂಕಿತ, ವ್ಯಾಪಾರಮುದ್ರೆ ಮತ್ತು ಅನುಮತಿಯ ಭ್ರಮೆ

ವಚನದ ಕೊನೆಯಲ್ಲಿ ಬರುವ ಅಂಕಿತವು ಹನ್ನೆರಡನೆಯ ಶತಮಾನದ ಟ್ರೇಡ್‌ಮಾರ್ಕ್ ಎಂಬ ಮಾತು ವೇದಿಕೆಯ ಭಾಷಣಗಳಲ್ಲಿಯೂ ತರಗತಿಯ ಪಾಠಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತದೆ. ಹೊಸ ಓದುಗನಿಗೆ ಹಳೆಯ ವಸ್ತುವನ್ನು ಪರಿಚಯಿಸುವ ಸುಲಭ ಹೋಲಿಕೆಯಾಗಿ ಹುಟ್ಟಿದ ಈ ಮಾತು ಕಾಲಕ್ರಮದಲ್ಲಿ ಒಂದು ಸಿದ್ಧಾಂತದ ತೂಕವನ್ನು ಪಡೆದುಕೊಂಡಿದೆ: ಮುದ್ರೆ ಇದ್ದಲ್ಲಿ ಒಡೆಯನಿದ್ದಾನೆ, ಒಡೆಯನಿದ್ದಲ್ಲಿ ಅನುಮತಿ ಬೇಕು, ಅನುಮತಿ ಪಡೆಯದೆ ಆ ಮುದ್ರೆಯ ಸುತ್ತ ಬರೆದವನು, ಅಚ್ಚು ಹಾಕಿದವನು, ಹಂಚಿದವನು ಕಳ್ಳನಲ್ಲದಿದ್ದರೂ ಅತಿಕ್ರಮಿಯಾದರೂ ಹೌದು ಎಂಬ ಸರಪಳಿ ಅದರಿಂದ ಬೆಳೆದಿದೆ. ಒಂದು ಕೃತಿಯನ್ನು ಪ್ರೀತಿಸಿದವರು ಲಾಭದ ಆಸೆಯಿಲ್ಲದೆಯೋ ಅಲ್ಪ ಬೆಲೆಗೋ ಅದರ ಮುಂದುವರಿಕೆಯನ್ನು, ವ್ಯಾಖ್ಯಾನವನ್ನು, ರೂಪಾಂತರವನ್ನು ತಾವೇ ಪ್ರಕಟಿಸುವುದನ್ನು ಅಭಿಮಾನಿ ಪ್ರಕಟಣೆ ಎಂದು ಕರೆಯುವುದಾದರೆ, ಆ ಸಮಸ್ತ ವ್ಯವಹಾರವೂ ಒಡೆಯನ ಔದಾರ್ಯದ ಮೇಲೆ ನಿಂತಿದೆ ಎಂಬುದೇ ಇಂದಿನ ಪ್ರಚಲಿತ ನಂಬಿಕೆ. ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳ ನೆಲದಲ್ಲಿ ಹುಟ್ಟಿದ ಅಂಕಿತಗಳನ್ನು ಕಣ್ಣಿಟ್ಟು ನೋಡಿದರೆ ಈ ಸರಪಳಿಯ ಮೊದಲ ಕೊಂಡಿಯೇ ನಿಲ್ಲುವುದಿಲ್ಲ.

ಟ್ರೇಡ್‌ಮಾರ್ಕ್ ಅಥವಾ ವ್ಯಾಪಾರಮುದ್ರೆ ಎಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಭಾರತದ 1999ರ ವ್ಯಾಪಾರಮುದ್ರೆ ಕಾಯಿದೆಯ ಪ್ರಕಾರ, ಒಬ್ಬನ ಸರಕು ಅಥವಾ ಸೇವೆಯನ್ನು ಇನ್ನೊಬ್ಬನದರಿಂದ ಬೇರ್ಪಡಿಸಿ ತೋರಿಸಬಲ್ಲ, ರೇಖೆಗಳಲ್ಲಿ ಚಿತ್ರಿಸಬಲ್ಲ ಗುರುತೇ ವ್ಯಾಪಾರಮುದ್ರೆ. ಕೃತಿಸ್ವಾಮ್ಯವು ಬರಹವನ್ನೇ ಕಾಪಾಡಿದರೆ ವ್ಯಾಪಾರಮುದ್ರೆಯು ಹೆಸರನ್ನು ಮಾತ್ರ ಕಾಪಾಡುತ್ತದೆ. ಅದೂ ಹೆಸರಿನ ಸಲುವಾಗಿ ಅಲ್ಲ, ಕೊಳ್ಳುವವನು ಮೋಸ ಹೋಗಬಾರದೆಂಬ ಸಲುವಾಗಿ. ಒಂದು ಮುದ್ರೆ ಇನ್ನೊಂದನ್ನು ಗೊಂದಲ ಹುಟ್ಟಿಸುವಷ್ಟು ಹೋಲಿದರೆ ಅದನ್ನು ಕಾನೂನು ತಡೆಯುತ್ತದೆ. ಈ ಅಳತೆಗೋಲನ್ನು ವಚನಕಾರರ ಕಲ್ಯಾಣಕ್ಕೆ, ಎಂದರೆ ಇಂದಿನ ಬಸವಕಲ್ಯಾಣಕ್ಕೆ, ಒಯ್ದು ನೋಡಬೇಕು.

ಬಸವಣ್ಣನ ಅಂಕಿತ ಕೂಡಲಸಂಗಮದೇವ. ಅವನ ಸೋದರಳಿಯ ಚೆನ್ನಬಸವಣ್ಣನ ಅಂಕಿತ ಕೂಡಲಚೆನ್ನಸಂಗಮದೇವ ಅಥವಾ ಕೂಡಲಚೆನ್ನಸಂಗಯ್ಯ. ನೀಲಮ್ಮನದು ಸಂಗಯ್ಯ, ಗಂಗಾಂಬಿಕೆಯದು ಗಂಗಾಪ್ರಿಯ ಕೂಡಲಸಂಗ, ಅಕ್ಕನಾಗಮ್ಮನದು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಇಂದಿನ ಮುದ್ರಾ ನೋಂದಣಿ ಕಚೇರಿಯ ಪರೀಕ್ಷಕನ ಮೇಜಿಗೆ ಈ ಐದು ಹೆಸರುಗಳು ಐವರು ಬೇರೆ ಬೇರೆ ಅರ್ಜಿದಾರರಿಂದ ಬಂದಿದ್ದರೆ, ಮೊದಲನೆಯದನ್ನು ಬಿಟ್ಟು ಉಳಿದವೆಲ್ಲ ಮೋಸಗೊಳಿಸುವಷ್ಟು ಹೋಲುವ ಮುದ್ರೆಗಳೆಂಬ ಆಕ್ಷೇಪಕ್ಕೆ ಗುರಿಯಾಗುವುದು ಸಹಜ. ಆದರೆ ಕಲ್ಯಾಣದಲ್ಲಿ ಈ ಹೋಲಿಕೆಯನ್ನು ಯಾರೂ ಅಪಹರಣವೆಂದು ಬಗೆಯಲಿಲ್ಲ. ಅದಕ್ಕೆ ಕಾರಣ ಅಂದಿನವರ ಉದಾಸೀನವಲ್ಲ. ಈ ಹೆಸರು ಬರೆದವನದಲ್ಲ, ಕೇಳಿಸಿಕೊಳ್ಳುವ ದೇವರದು ಎಂಬುದೇ ಕಾರಣ. ಅಂಕಿತದಲ್ಲಿ ವಚನಕಾರ ತನ್ನ ಹೆಸರನ್ನು ಸರಕಿನ ಮೇಲೆ ಒತ್ತುವುದಿಲ್ಲ, ತಾನು ಯಾರ ಎದುರಿಗೆ ನಿಂತು ಈ ಮಾತು ಆಡಿದೆನೆಂಬುದನ್ನು ಹೇಳುತ್ತಾನೆ. ಕೃಷ್ಣೆ ಮತ್ತು ಮಲಪ್ರಭೆಯರು ಕೂಡುವ ಊರಿನ ದೇವರನ್ನು ಯಾರು ಬೇಕಾದರೂ ಕರೆಯಬಹುದಾದ್ದರಿಂದ ಆ ಕರೆಗೆ ಒಡೆಯನಿರಲು ಸಾಧ್ಯವಿರಲಿಲ್ಲ.

ಆದರೂ ಅಂಕಿತವು ಗುರುತಿಸುವ ಕೆಲಸವನ್ನು ಮಾಡುತ್ತಲೇ ಇತ್ತು. ಇದಕ್ಕೆ ಅತ್ಯಂತ ಸ್ವಚ್ಛವಾದ ನಿದರ್ಶನ ಹುಮನಾಬಾದ್ ತಾಲ್ಲೂಕಿನ ಮೋಳಕೇರಾದ ಗವಿಯೊಂದಿಗೆ ಜನ ಗುರುತಿಸುವ ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯರದು. ಮೋಳಿಗೆ ಎಂದರೆ ಸೌದೆಯ ಹೊರೆ; ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಸೌದೆ ಮಾರಿ ಬದುಕಿದವನೆಂದು ಪರಂಪರೆ ಹೇಳುವ ಮಾರಯ್ಯನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಮಹಾದೇವಿಯ ಅಂಕಿತ ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ. ಗಂಡನ ಅಂಕಿತ ಇಡಿಯಾಗಿ ಹೆಂಡತಿಯ ಅಂಕಿತದೊಳಗೆ ಬಂದಿದೆ; ಆದರೆ ಅದರ ಮುಂದೆ ಕೂತ ಎರಡು ಪದಗಳು ಈ ಮಾತು ಮಾರಯ್ಯನದಲ್ಲವೆಂಬುದನ್ನೂ, ಮಾರಯ್ಯನೊಂದಿಗೆ ಈ ಮಾತಿಗೆ ನಂಟಿದೆ ಎಂಬುದನ್ನೂ, ಹೇಳುವವಳು ಆ ನಂಟಿನೊಳಗೇ ನಿಂತು ಇಮ್ಮಡಿಯಾಗಿ ಮಾತಾಡುತ್ತಿದ್ದಾಳೆಂಬುದನ್ನೂ ಒಟ್ಟಿಗೆ ಸಾರುತ್ತವೆ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗವಾದರೆ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ; ಅಕ್ಕಿ ಹೆಚ್ಚಾಗಿ ಆಯ್ದು ತಂದ ಗಂಡನನ್ನೇ ಲಕ್ಕಮ್ಮ ತಿದ್ದಿದಳೆಂಬ ಪ್ರಸಂಗವನ್ನು ನೆನೆದರೆ, ಪ್ರಿಯ ಎಂಬ ಪದ ಅಡಿಯಾಳಿನ ಗುರುತಲ್ಲವೆಂಬುದು ತಿಳಿಯುತ್ತದೆ. ಮೂಲದ ಹೆಸರನ್ನು ಹಿಡಿದುಕೊಂಡೇ ಮೂಲದೊಂದಿಗೆ ಭಿನ್ನಾಭಿಪ್ರಾಯ ಹೊಂದಲು ಆ ಪದ ಅವಕಾಶ ಕೊಟ್ಟಿದೆ. ಅನುಮತಿಯ ಪತ್ರ ಇಲ್ಲದೆ, ಗೊಂದಲವೂ ಇಲ್ಲದೆ, ಒಂದು ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರು ಪ್ರಾಮಾಣಿಕವಾಗಿ ನಿಲ್ಲುವ ವಿಧಾನವನ್ನು ಕಲ್ಯಾಣದ ಸೀಮೆ ಎಂಟು ಶತಮಾನಗಳ ಹಿಂದೆಯೇ ಕಂಡುಕೊಂಡಿತ್ತು.

ಇದೇ ಪ್ರಶ್ನೆಯನ್ನು ಈಚಿನ ಕಾಲದಲ್ಲಿ ಅತ್ಯಂತ ಕಟುವಾಗಿ ಎದುರಿಸಿದ್ದು ಮೇಜಿನ ಸುತ್ತ ಕೂತು ಆಡುವ ಪಾತ್ರಾಟಗಳ ಲೋಕ. ಒಬ್ಬನು ಕಥೆ ನಡೆಸುವವನಾಗಿ, ಉಳಿದವರು ಒಂದೊಂದು ಪಾತ್ರದ ಬಾಯಿಂದ ಮಾತಾಡುತ್ತ, ಸಂದಿಗ್ಧ ಬಂದಾಗ ದಾಳ ಉರುಳಿಸಿ ಫಲವನ್ನು ನಿರ್ಧರಿಸುವ ಈ ಆಟಗಳಲ್ಲಿ ಮೊದಲನೆಯದಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅವರಿಂದ ಪ್ರಕಟವಾಯಿತು. ಆಡುವವರೇ ಹೊಸ ಕಥೆ ಕಟ್ಟಬೇಕಾದ ಆಟವಾದ್ದರಿಂದ ಅಭಿಮಾನಿಗಳ ಬರವಣಿಗೆ ಅಲ್ಲಿ ಆಟದ ಉಸಿರೇ ಆಗಿದೆ. 2000ದಲ್ಲಿ ಆ ಆಟದ ಒಡೆತನ ಹೊಂದಿದ್ದ ‘ವಿಜರ್ಡ್ಸ್ ಆಫ್ ದ ಕೋಸ್ಟ್’ ಕಂಪನಿ ನಿಯಮಗಳ ಪಠ್ಯವನ್ನು ಮುಕ್ತ ಆಟದ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂದಿಗೂ ಅದನ್ನು ಮಹಾದಾನವೆಂದು ಕೊಂಡಾಡುವವರು ಅದರ ಏಳನೆಯ ಷರತ್ತನ್ನು ಗಮನಿಸಿದಂತಿಲ್ಲ. ಪರವಾನಗಿಯನ್ನು ಬಳಸಿದವನು ತನ್ನ ಪುಸ್ತಕ ಯಾವ ಆಟಕ್ಕೆ ಹೊಂದುತ್ತದೆ ಎಂಬುದನ್ನು ಆ ಆಟದ ವ್ಯಾಪಾರಮುದ್ರೆಯ ಹೆಸರೆತ್ತಿ ಹೇಳಬಾರದು, ಹೇಳಬೇಕಾದರೆ ಬೇರೆಯೇ ಅನುಮತಿ ಬೇಕು ಎಂದು ಆ ಷರತ್ತು ಕಟ್ಟುಹಾಕಿತು. ತನ್ನ ವಸ್ತು ಯಾವುದಕ್ಕೆ ಹೊಂದುತ್ತದೆ ಎಂಬ ಸತ್ಯವನ್ನು ಹೇಳುವ ಹಕ್ಕು ಸಾಮಾನ್ಯ ಕಾನೂನಿನಲ್ಲಿ ಯಾವ ಪ್ರಕಾಶಕನಿಗೂ ಇದ್ದೇ ಇದೆ. ದಾನದ ಹೆಸರಿನಲ್ಲಿ ಆ ಹಕ್ಕನ್ನೇ ಬಿಟ್ಟುಕೊಡುವಂತೆ ಮಾಡಲಾಯಿತು. ಮಹಾದೇವಿಯ ಬಾಯಿಂದ ಎನ್ನಯ್ಯಪ್ರಿಯ ಎಂಬ ಪದವನ್ನು ಕಿತ್ತುಕೊಂಡಂತೆ.

ಅನುಮತಿಯ ಮೇಲೆ ಕಟ್ಟಿದ ಮನೆ ಎಷ್ಟು ಗಟ್ಟಿ ಎಂಬುದು 2023ರ ಜನವರಿಯಲ್ಲಿ ಬಯಲಾಯಿತು. ಇಪ್ಪತ್ತೆರಡು ವರ್ಷ ನಡೆದುಬಂದ ಪರವಾನಗಿಯನ್ನು ಹಿಂತೆಗೆದುಕೊಂಡು, ವರ್ಷಕ್ಕೆ 7,50,000 ಡಾಲರ್ ಮೀರಿದ ವರಮಾನದ ಮೇಲೆ ಶೇಕಡ 25ರವರೆಗೆ ರಾಯಧನ ಕೇಳುವ ಹೊಸ ಕರಡು ಸೋರಿಹೋಗಿ ಜನರ ಕೈಗೆ ಸಿಕ್ಕಿತು. ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು ಆಟದ ಮೂಲನಿಯಮಗಳ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಎಂಬ, ಒಮ್ಮೆ ಕೊಟ್ಟರೆ ಹಿಂಪಡೆಯಲಾಗದ ಪರವಾನಗಿಗೆ ಒಪ್ಪಿಸಿತು. ಇದನ್ನು ಅಭಿಮಾನಿಗಳ ಗೆಲುವೆಂದು ಬಣ್ಣಿಸುವುದು ರೂಢಿ. ಆದರೆ ಅಲ್ಲಿ ಪುಸ್ತಕ ಬರೆದು ಬದುಕುತ್ತಿದ್ದ ಸಣ್ಣ ಪ್ರಕಾಶಕರು ವಾರಗಟ್ಟಲೆ ಉಸಿರು ಬಿಗಿಹಿಡಿದು ಕಾಯಬೇಕಾಗಿ ಬಂದದ್ದೇಕೆ ಎಂದು ಕೇಳಿಕೊಂಡವರು ಕಡಿಮೆ. ಕೇಳದೆಯೇ ಇದ್ದ ಹಕ್ಕನ್ನು ಕೇಳಿ ಪಡೆದ ಕೃಪೆಯೆಂದು ಎರಡು ದಶಕ ನಂಬಿದ್ದೇ ಅದಕ್ಕೆ ಕಾರಣ.

ಹೋಲಿಕೆಯನ್ನು ಇಲ್ಲಿಂದ ಮುಂದಕ್ಕೂ ಒಯ್ಯಬಹುದು, ಏಕೆಂದರೆ ಕನ್ನಡದ ಅತಿ ದೊಡ್ಡ ಅಭಿಮಾನಿ ಪ್ರಕಟಣೆಯ ರಂಗಸ್ಥಳವೂ ಕಲ್ಯಾಣವೇ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಬಿಡಿಬಿಡಿಯಾಗಿದ್ದ ವಚನಗಳನ್ನು ಎತ್ತಿಕೊಂಡು, ಅಲ್ಲಮ, ಬಸವಣ್ಣ, ಚೆನ್ನಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮರನ್ನು ಎದುರುಬದುರು ಕೂರಿಸಿ, ಒಬ್ಬರ ವಚನ ಇನ್ನೊಬ್ಬರ ವಚನಕ್ಕೆ ಉತ್ತರವಾಗುವಂತೆ ಹೆಣೆದು, ನಡುವೆ ತನ್ನ ಗದ್ಯವನ್ನು ಸೇರಿಸಿ ಶೂನ್ಯಸಂಪಾದನೆಯನ್ನು ಕಟ್ಟಿದನು. ಅದು ಸಾಲದೆಂದು ಕಂಡ ಹಲಗೆಯಾರ್ಯನು ಮತ್ತೊಂದನ್ನು ಕಟ್ಟಿದನು, ಗುಮ್ಮಳಾಪುರದ ಸಿದ್ಧಲಿಂಗಯತಿ ಇನ್ನೊಂದನ್ನು, ಗೂಳೂರು ಸಿದ್ಧವೀರಣ್ಣೊಡೆಯನು ನಾಲ್ಕನೆಯದನ್ನು ಕಟ್ಟಿದನು. ಮೊದಲನೆಯದರಲ್ಲಿ ಇಲ್ಲದ ಸಿದ್ಧರಾಮನ ದೀಕ್ಷೆ, ಗೋರಕ್ಷನ ಪ್ರಸಂಗಗಳು ನಂತರದ ಆವೃತ್ತಿಗಳಲ್ಲಿ ಸೇರಿಕೊಂಡವು. ಪ್ರತಿಯೊಬ್ಬನೂ ಹಿಂದಿನವನನ್ನು ತಿದ್ದಿದನು, ಬೆಳೆಸಿದನು, ವಚನಗಳನ್ನು ಹೊಸ ಕ್ರಮದಲ್ಲಿ ಇಟ್ಟನು. ಆದರೆ ಗುಹೇಶ್ವರನೆಂದು ಮುಗಿಯುವ ಮಾತು ಅಲ್ಲಮನ ಬಾಯಲ್ಲಿಯೇ, ಚೆನ್ನಮಲ್ಲಿಕಾರ್ಜುನನೆಂದು ಮುಗಿಯುವ ಮಾತು ಅಕ್ಕನ ಬಾಯಲ್ಲಿಯೇ ಉಳಿಯಿತು. ಸಂಭಾಷಣೆಯ ಸಂದರ್ಭ ಸಂಪಾದಕನ ಕಲ್ಪನೆ, ಮಾತು ಮೂಲದವರದು ಎಂಬ ಗಡಿಯನ್ನು ಓದುಗ ಕಳೆದುಕೊಳ್ಳದಂತೆ ಕಾಯ್ದದ್ದು ಅಂಕಿತವೇ. ಅನುಮತಿ ಕೊಡುವ ಮಠವೊಂದು ಅಂದು ಇದ್ದು, ಮೊದಲ ಆವೃತ್ತಿಯೇ ಅಧಿಕೃತವೆಂದು ಸಾರಿ ಉಳಿದವರನ್ನು ತಡೆದಿದ್ದರೆ ಕನ್ನಡವು ಮೂರು ಮಹಾಕೃತಿಗಳನ್ನು ಕಳೆದುಕೊಳ್ಳುತ್ತಿತ್ತು.

ಇದಕ್ಕೆ ವಿರುದ್ಧವಾಗಿ ಹರಿದಾಸ ಪರಂಪರೆಯನ್ನು ಮುಂದಿಡುವವರಿದ್ದಾರೆ. ಅಲ್ಲಿ ಅಂಕಿತವನ್ನು ಗುರು ಶಿಷ್ಯನಿಗೆ ವಿಧಿಪೂರ್ವಕವಾಗಿ ಕೊಡುತ್ತಾನೆ. ವಿಜಯವಿಠಲಾಂಕಿತದ ವಿಜಯದಾಸರಿಂದ ಗೋಪಾಲದಾಸರು ಗೋಪಾಲವಿಠಲ ಎಂಬ ಅಂಕಿತವನ್ನು ಪಡೆದರು. ಇದು ಗಂಭೀರವಾದ ಆಕ್ಷೇಪ, ಏಕೆಂದರೆ ಇಲ್ಲಿ ಅನುಮತಿಯೆಂಬುದು ನಿಜವಾಗಿಯೂ ಇದೆ. ಆದರೆ ಯಾವುದಕ್ಕೆ ಅನುಮತಿ ಎಂಬುದನ್ನು ಬಿಡಿಸಿ ನೋಡಿದರೆ ಆಕ್ಷೇಪ ತಾನೇ ಕರಗುತ್ತದೆ. ಗುರು ಕೊಟ್ಟದ್ದು ತನ್ನ ಮುದ್ರೆಯನ್ನು ಬಳಸುವ ಪರವಾನಗಿಯನ್ನಲ್ಲ, ಶಿಷ್ಯನಿಗೆ ಅವನದೇ ಆದ ಬೇರೊಂದು ಹೆಸರನ್ನು. ವಿಠಲ ಎಂಬ ಪದವಂತೂ ದಾಸಕೂಟದ ಸಾಮಾನ್ಯ ಸ್ವತ್ತಾಗಿ ಉಳಿಯಿತು. ಗುರುವಿನ ಪದಗಳನ್ನು ಹಾಡಲು, ಬರೆದುಕೊಳ್ಳಲು, ಊರೂರಿಗೆ ಒಯ್ಯಲು ಯಾರಿಗೂ ದೀಕ್ಷೆ ಬೇಕಿರಲಿಲ್ಲ. ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿಯೂ ಇದೇ ನಡೆ ಕಾಣುತ್ತದೆ. ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದೂಸ್ತಾನಿ ಮೊದಲಾದ ನುಡಿಗಳಲ್ಲಿ ಪದಗಳನ್ನು ಕಟ್ಟಿದರು; ಸಕಲಮತವೆಂದು ಹೆಸರಾದ ಆ ಪಂಥದ ಪದಗಳು ಭಜನಾ ಮೇಳಗಳ ಕೈಬರಹದ ವಹಿಗಳಲ್ಲಿ ನುಡಿಯಿಂದ ನುಡಿಗೆ ದಾಟುತ್ತ ಬೆಳೆದವು.

ಹಾಗಿದ್ದರೆ ಅಂಕಿತದ ವಿಷಯದಲ್ಲಿ ತಪ್ಪೆಂಬುದೇ ಇಲ್ಲವೇ? ಇದೆ, ಮತ್ತು ಅದು ನಡೆದೂ ಇದೆ. ಬಸವಧರ್ಮ ಪೀಠದ ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ ಎಂಬ ಸಂಕಲನದಲ್ಲಿ ಬಸವಣ್ಣನ ವಚನಗಳ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿ ಪ್ರಕಟಿಸಿದರು. 1998ರಲ್ಲಿ ರಾಜ್ಯ ಸರಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರ ಸೆಪ್ಟೆಂಬರಿನಲ್ಲಿ ಆ ಆದೇಶ ಊರ್ಜಿತವಾಯಿತು. ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನ ಮೂರ್ತಿಯನ್ನು ನಿಲ್ಲಿಸಿದ ಪೀಠವೇ ಬಸವಣ್ಣನ ಅಂಕಿತವನ್ನು ಬದಲಿಸಿದ್ದು ಅನೇಕರಿಗೆ ನೋವುಂಟುಮಾಡಿತು. ಆ ನೋವು ನ್ಯಾಯವಾದದ್ದು. ಆದರೆ ಅನುಮತಿವಾದಿಗಳು ಈ ಪ್ರಕರಣದಿಂದ ತೆಗೆದ ಪಾಠ ತಪ್ಪು. ಅನುಮತಿ ಕೇಳದೆ ಪ್ರಕಟಿಸಿದ್ದು ಅಲ್ಲಿ ದೋಷವಾಗಿರಲಿಲ್ಲ, ಏಕೆಂದರೆ ಅನುಮತಿ ಕೊಡಬಲ್ಲವರು ಯಾರೂ ಇರಲಿಲ್ಲ. ಒಂದು ಹೆಸರಿನಲ್ಲಿ ಬಂದ ಮಾತನ್ನು ಇನ್ನೊಂದು ಹೆಸರಿನಲ್ಲಿ ಬಂದಿತೆಂಬಂತೆ ಅಚ್ಚುಹಾಕಿದ್ದೇ ದೋಷ. ಲಿಂಗದೇವ ಎಂಬ ಅಂಕಿತದಲ್ಲಿ ಹೊಸ ವಚನಗಳನ್ನು ಬರೆಯುವ ಸ್ವಾತಂತ್ರ್ಯ ಮಾತೆ ಮಹಾದೇವಿಯವರಿಗೆ ಪೂರ್ಣವಾಗಿ ಇತ್ತು. ಹಳೆಯ ಮಾತಿನ ಹಳೆಯ ಗುರುತನ್ನು ಅಳಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ, ಮೂಲದ ವಾರಸುದಾರರೆಂದು ಹೇಳಿಕೊಳ್ಳುವವರಿಗೂ ಇಲ್ಲ. ಇಂಥ ತಪ್ಪಿಗೆ ಪಠ್ಯವಿದ್ವಾಂಸರ ಬಹಿರಂಗ ತಿದ್ದುಪಡಿಯೇ ತಕ್ಕ ಮದ್ದಾಗಿತ್ತೆಂಬುದನ್ನೂ, ಪುಸ್ತಕದ ಮುಟ್ಟುಗೋಲು ವಾದವನ್ನು ಸತ್ಯದಿಂದ ಶಾಂತಿಪಾಲನೆಯ ಕಡೆಗೆ ತಿರುಗಿಸಿತೆಂಬುದನ್ನೂ ಇಲ್ಲಿ ಹೇಳದಿರುವುದು ಅಪ್ರಾಮಾಣಿಕತೆಯಾದೀತು.

ಪ್ರಚಲಿತ ನಂಬಿಕೆಯು ತನಗೆ ಕಾನೂನಿನ ಬಲವಿದೆ ಎಂದು ಭಾವಿಸುತ್ತದೆ; ಆ ಬಲ ಅದು ಎಣಿಸಿದಷ್ಟಿಲ್ಲ. ಊದಿನಕಡ್ಡಿಗೆ ‘ರಾಮಾಯಣ’ ಎಂಬ ಹೆಸರನ್ನು ವ್ಯಾಪಾರಮುದ್ರೆಯಾಗಿ ಕೇಳಿದ ಲಾಲ್ ಬಾಬು ಪ್ರಿಯದರ್ಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಧಾರ್ಮಿಕ ಗ್ರಂಥದ ಹೆಸರನ್ನು ಒಬ್ಬನೇ ತನ್ನ ಸರಕಿನ ಮುದ್ರೆಯಾಗಿ ಮೀಸಲಿಟ್ಟುಕೊಳ್ಳಲಾಗದೆಂದು ತೀರ್ಪಿತ್ತಿತು. ಆಟಗಳ ವಿಷಯದಲ್ಲಿ ಇನ್ನೂ ಹತ್ತಿರದ ನಿದರ್ಶನ 2008ರದು. ಕೋಲ್ಕತ್ತದ ಅಗರ್‌ವಾಲಾ ಸೋದರರು ‘ಸ್ಕ್ರ್ಯಾಬಲ್’ ಎಂಬ ಪದಜೋಡಣೆಯ ಹಲಗೆಯಾಟವನ್ನು ‘ಸ್ಕ್ರ್ಯಾಬುಲಸ್’ ಎಂಬ ಹೆಸರಿನಲ್ಲಿ ಕಂಪ್ಯೂಟರಿಗೆ ತಂದಾಗ ಮ್ಯಾಟೆಲ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಹೋಲುವ ಹೆಸರನ್ನು ಬಳಸದಂತೆ ನ್ಯಾಯಾಲಯ ತಡೆಯಿತು. ಆದರೆ ಹಲಗೆಯ ಮನೆಗಳ ಜೋಡಣೆ ಮತ್ತು ಆಟದ ನಿಯಮಗಳಿಗೆ ಕೃತಿಸ್ವಾಮ್ಯದ ಹೆಸರಿನಲ್ಲಿ ತಡೆ ಕೊಡಲು ಒಪ್ಪಲಿಲ್ಲ. ಒಂದು ಕಲ್ಪನೆಯನ್ನು ಹೇಳಲು ಕೆಲವೇ ದಾರಿಗಳಿದ್ದರೆ ಆ ದಾರಿಗಳಿಗೆ ಬೀಗ ಹಾಕುವುದು ಕಲ್ಪನೆಗೇ ಬೀಗ ಹಾಕಿದಂತೆ ಎಂಬುದು ಅದರ ಹಿಂದಿನ ತತ್ವ. ಸೋದರರು ಆಟವನ್ನು ‘ಲೆಕ್ಸುಲಸ್’ ಎಂದು ಕರೆದು ಮುಂದುವರಿಸಿದರು. ಹೆಸರು ಒಡೆಯನದು, ಆಟ ಎಲ್ಲರದು ಎಂಬ ಈ ವಿಂಗಡಣೆ ಕಲ್ಯಾಣದಲ್ಲಿಯೇ ಕುಳಿತು 1129ರ ಸುಮಾರಿಗೆ ‘ಮಾನಸೋಲ್ಲಾಸ’ವನ್ನು ರಚಿಸಿ, ಅದರಲ್ಲಿ ಪಗಡೆ, ಚದುರಂಗಗಳ ಬಗೆಯನ್ನು ಸವಿಸ್ತಾರವಾಗಿ ಬರೆದಿಟ್ಟ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗೆ ಹೊಸದೆನಿಸುತ್ತಿರಲಿಲ್ಲ.

ಹೆಸರಿನ ವಿಷಯದಲ್ಲಿಯೂ ವ್ಯಾಪಾರಮುದ್ರೆ ಕಾಯಿದೆಯ 30ನೆಯ ಕಲಮು ಪ್ರಾಮಾಣಿಕ ಬಳಕೆಗೆ ಎಡೆಬಿಟ್ಟಿದೆ. ಒಂದು ಬಿಡಿಭಾಗ ಅಥವಾ ಪೂರಕ ವಸ್ತು ಯಾವ ಸರಕಿಗೆ ಹೊಂದುತ್ತದೆಂದು ತಿಳಿಸಲು ಆ ಸರಕಿನ ಮುದ್ರೆಯನ್ನು ಹೆಸರಿಸುವುದು, ಅದು ಅಗತ್ಯವಿದ್ದಷ್ಟೇ ಆಗಿದ್ದು ಗೊಂದಲಕ್ಕೆ ಎಡೆಮಾಡದಿದ್ದರೆ, ಉಲ್ಲಂಘನೆಯಲ್ಲ. ಬಸ್ ನಿಲ್ದಾಣದ ಎದುರಿನ ಅಂಗಡಿಯವನು ಇಂಥ ಕಂಪನಿಯ ಮೋಟಾರ್ ಸೈಕಲ್ಲಿನ ಬ್ರೇಕ್ ಇಲ್ಲಿ ಸಿಗುತ್ತದೆಂದು ಬರೆದು ಹಾಕಲು ಆ ಕಂಪನಿಗೆ ಅರ್ಜಿ ಹಾಕಿಕೊಳ್ಳುವುದಿಲ್ಲ. ಆಟವೊಂದಕ್ಕೆ ಹೊಂದುವ ಕಥೆ ಬರೆದವನು ಮಾತ್ರ ಏಕೆ ಅರ್ಜಿದಾರನಾಗಬೇಕೆಂಬುದಕ್ಕೆ ಅನುಮತಿವಾದಿಗಳಲ್ಲಿ ಉತ್ತರವಿಲ್ಲ. ಅಭಿಮಾನಿಗಳನ್ನು ತಡೆಯದಿದ್ದರೆ ಕಂಪನಿಯ ಮುದ್ರೆಯೇ ಕೈತಪ್ಪುತ್ತದೆ ಎಂಬ ಭಯವನ್ನು ಅವರು ಆಗಾಗ ಮುಂದೊಡ್ಡುತ್ತಾರೆ. ಆದರೆ 33ನೆಯ ಕಲಮಿನಲ್ಲಿ ಹೇಳಿದ ಐದು ವರ್ಷದ ಮೌನಸಮ್ಮತಿಯ ನಿಯಮವು, ತನ್ನ ಮುದ್ರೆಯನ್ನು ಹೋಲುವ ಇನ್ನೊಂದು ಮುದ್ರೆ ನೋಂದಣಿಯಾಗಿ ಬಳಕೆಯಾಗುವುದನ್ನು ಕಂಡೂ ಸುಮ್ಮನಿದ್ದವನಿಗೆ ಅನ್ವಯಿಸುವಂಥದು; ಯಾವ ಮುದ್ರೆಯನ್ನೂ ನೋಂದಾಯಿಸದೆ, ಮೂಲದ ಹೆಸರನ್ನು ಮೂಲದ ಹೆಸರೆಂದೇ ಹೇಳುವ ಅಭಿಮಾನಿಯ ಕಿರುಪುಸ್ತಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಉಳಿಯುವುದು ಒಂದೇ ಆಕ್ಷೇಪ: ಬಾಗಿಲು ತೆರೆದಿಟ್ಟರೆ ಖೊಟ್ಟಿ ವಚನಗಳು ನುಗ್ಗುತ್ತವೆ. ಅವು ನುಗ್ಗಿದ್ದವು, ನಿಜ. ಬಸವಣ್ಣನ ಅಂಕಿತದಲ್ಲಿ ಬೇರೆಯವರು ಬರೆದ ಪ್ರಕ್ಷಿಪ್ತ ವಚನಗಳು, ಎಂದರೆ ಹಿಂದಿನಿಂದ ಸೇರಿಸಿದ ವಚನಗಳು, ತಾಡವೋಲೆಗಳಲ್ಲಿ ಬೆರೆತಿದ್ದವು. ಅವನ್ನು ಹೊರತೆಗೆದದ್ದು ಪರವಾನಗಿಯ ಕಚೇರಿಯಲ್ಲ, ಓಲೆಗಳನ್ನು ಪಕ್ಕಪಕ್ಕ ಇಟ್ಟು ಪಾಠಗಳನ್ನು ತಾಳೆ ನೋಡಿದ ವಿದ್ವಾಂಸರ ದುಡಿಮೆ. ಆ ದುಡಿಮೆಯ ಮೊದಲಿಗರಾದ ಫ. ಗು. ಹಳಕಟ್ಟಿಯವರು (1880–1964) ವಿಜಯಪುರದ ವಕೀಲರು, ಯಾವ ಪೀಠವೂ ನೇಮಿಸದ ಅಭಿಮಾನಿ. ಮನೆಮನೆ ತಿರುಗಿ ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಹಿತಚಿಂತಕ ಮುದ್ರಣಾಲಯವನ್ನು ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಈ ಕೆಲಸಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಓಲೆಗಳನ್ನು ಪೂಜೆಯ ಗಂಟಾಗಿ ಕಟ್ಟಿಟ್ಟು ತೋರಿಸಲೊಲ್ಲದವರು ಅಂದೂ ಇದ್ದರು; ಅವರ ಸಮ್ಮತಿಗಾಗಿ ಹಳಕಟ್ಟಿಯವರು ಕೈಕಟ್ಟಿ ಕುಳಿತಿದ್ದರೆ ಗೆದ್ದಲು ಮೊದಲು ಓದುತ್ತಿತ್ತು. ಅವರ ದಾರಿಯಲ್ಲಿ ಸಾಗಿದ ಸಂಪಾದನೆಯ ಕೆಲಸ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ, ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಫಲಿಸಿತು. ವಚನಗಳ ಮೂಲಪಾಠಕ್ಕೆ ಕೃತಿಸ್ವಾಮ್ಯವಿಲ್ಲ. ಆದರೂ ಸಂಪಾದಿತ ಪಾಠದ ಮೇಲೆ ಹಕ್ಕು ಯಾರದು, ಎಷ್ಟು ಎಂಬ ಸಂದೇಹವು ಸಣ್ಣ ಪ್ರಕಾಶಕರನ್ನು, ಪಾಠ ಮಾಡುವ ಶಿಕ್ಷಕರನ್ನು, ವಚನಗಳಿಂದ ಆಟವನ್ನೋ ನಾಟಕವನ್ನೋ ಕಟ್ಟಬಯಸುವ ತರುಣರನ್ನು ಇಂದಿಗೂ ಹಿಂಜರಿಯುವಂತೆ ಮಾಡುತ್ತದೆ.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಕಟ್ಟಡಕ್ಕೆ ನೂರಾರು ಕೋಟಿಯ ಲೆಕ್ಕ ಹಾಕಿದ ಸರಕಾರಕ್ಕೆ ಒಂದು ಸಾಲಿನ ಆದೇಶ ಹೊರೆಯಾಗಲಾರದು: ಸರಕಾರದ ಹಣದಿಂದ ಸಂಪಾದನೆಗೊಂಡ ಎಲ್ಲ ವಚನಪಾಠಗಳನ್ನು ಯಾರು ಬೇಕಾದರೂ, ಯಾವ ರೂಪದಲ್ಲಿ ಬೇಕಾದರೂ, ಬೆಲೆಗಾಗಲಿ ಬಿಟ್ಟಿಯಾಗಲಿ ಪ್ರಕಟಿಸಬಹುದು, ಮೂಲದ ಅಂಕಿತವನ್ನು ಬದಲಿಸಬಾರದು, ಹೊಸದಾಗಿ ಸೇರಿಸಿದ್ದನ್ನು ಹೊಸದೆಂದು ಗುರುತಿಸಬೇಕು. ಈ ಎರಡನೆಯ ಷರತ್ತಿಗೆ ಬೇಕಾದ ಪದವನ್ನು ಕಾನೂನು ಇಲಾಖೆಯವರು ಹೊಸದಾಗಿ ಹುಡುಕಬೇಕಾಗಿಲ್ಲ. ಮಂಟಪದಿಂದ ಹುಮನಾಬಾದಿನ ದಾರಿ ಹಿಡಿದು ಮೋಳಕೇರಾದ ಗವಿಗೆ ಹೋದರೆ, ಸೌದೆ ಮಾರುವವನ ಹೆಂಡತಿ ತನ್ನ ಮಾತಿನ ಕೊನೆಗೆ ಅದನ್ನು ಇಟ್ಟುಹೋಗಿದ್ದಾಳೆ.